ಮೂರನೆಯ ಹಾಳೆ

ಕಾಗದದ ವಿಚಾರವನ್ನು ಮೊದಲೇ ಹೇಳಿಬಿಡುವುದು ವಾಸಿ. ಆ ಸೀಮೆಯಲ್ಲಿ, ಆ ಕಾಲದಲ್ಲಿ, ಹುಟ್ಟು ಮದುವೆ ಸಾವುಗಳಾದ ಮೇಲೆ ಮನುಷ್ಯನ ಬಾಳಿನಲ್ಲಿ ನಾಲ್ಕನೆಯ ಘನವಾದ ಸಂಗತಿಯೆಂದರೆ ಕಾಗದ. ಕೆಲವರ ಪ್ರಕಾರ ಅದು ಮದುವೆಗಿಂತ ಒಂದು ಮೆಟ್ಟಿಲು ಮೇಲೆ. ಕೋಲಿನಿಂದ ಚೆಂಡು ಹೊಡೆದಾಡುವ ಹರ್ಲಿಂಗ್ ಆಟದ ಸಂಘಕ್ಕೆ ಏನೇ ಬರೆಯಲಿ, ದೂರಾಗಲಿ, ಮೇಲ್ಮನವಿಯಾಗಲಿ, ಹದಿನೈದು ಆಟಗಾರರ ಬರಿಯ ಪಟ್ಟಿಯೇ ಆಗಲಿ, ಐರ್ಲೆಂಡಿನಲ್ಲೇ ತಯಾರಾದ ಕಾಗದದ ಮೇಲೆ ಬರೆಯತಕ್ಕದ್ದು ಎಂದು ನಿಯಮವಿತ್ತು. ಎಲ್ಲಿ ತಯಾರಾದದ್ದೆಂದು ತಿಳಿಯುವುದು ಕಷ್ಟವೇನಲ್ಲ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಅದರ ಒಡಲೊಳಗಿಂದ ಗಿರಣಿಯ ಗುರುತು ನೀರಿನಲ್ಲಿ ಬರೆದಂತೆ ಮೆಲ್ಲಗೆ ಮೂಡುತ್ತದೆ. ಆ ನೀರುಗುರುತು ಸರಿಯಿಲ್ಲದ ಹಾಳೆಯಲ್ಲಿ ಬರೆದದ್ದು ಎಷ್ಟೇ ನಿಜವಾಗಿದ್ದರೂ ಸಂಘ ಅದನ್ನು ಓದುತ್ತಿರಲಿಲ್ಲ.

ನಗುವವರು ನಗಬಹುದು. ಏಳುನೂರು ವರ್ಷ ಬೇರೆಯವರ ಮೊಹರು ಬಿದ್ದ ಕಾಗದದ ಮೂಲಕ ತಮ್ಮ ಹೊಲಮನೆ ಕಳೆದುಕೊಂಡ ಜನ, ಸ್ವಂತದ್ದೆನ್ನುವ ಒಂದೆರಡು ಕಾಗದದ ಗಿರಣಿ ಕಣ್ಣು ಬಿಟ್ಟ ಕೂಡಲೇ ಆ ಕಾಗದವನ್ನು ಬೈಬಲ್ಲಿನ ಪಕ್ಕಕ್ಕೆ ಇಟ್ಟುಕೊಂಡರೆ ಅದರಲ್ಲಿ ಅತಿಶಯವೇನೂ ಇಲ್ಲ.

ಕ್ಲೋನ್‌ಬ್ರ್ಯಾಕ್ ಊರಿನ ಕ್ಲಬ್ಬಿನ ಕಾರ್ಯದರ್ಶಿ ಮಥಾಯಸ್ ಕ್ಯಾಹಲನ್ ಮೇಷ್ಟ್ರು ಈ ನಿಯಮವನ್ನು ಅರೆದು ಕುಡಿದವರು. ಇಪ್ಪತ್ತಾರು ವರ್ಷದಿಂದ ಊರ ಶಾಲೆಯ ಮೇಷ್ಟ್ರು, ಇಪ್ಪತ್ತಾರು ವರ್ಷದಿಂದ ಕ್ಲಬ್ಬಿನ ಕಾರ್ಯದರ್ಶಿ. ಎರಡರಲ್ಲಿ ಯಾವುದು ಕಸುಬು ಯಾವುದು ಹವ್ಯಾಸ ಎಂಬುದು ಶಾಲೆಗಳ ಇನ್ಸ್‌ಪೆಕ್ಟರಿಗೂ ಬಗೆಹರಿದಿರಲಿಲ್ಲ. ಮದುವೆಯಾಗಿರಲಿಲ್ಲ. ನಿಯಮಗಳ ಪುಸ್ತಕವನ್ನು ಕೋಟಿನ ಒಳಜೇಬಿನಲ್ಲಿ, ಬೇರೆ ಗಂಡಸರು ಹೆಂಡತಿಯ ಫೋಟೊ ಇಟ್ಟುಕೊಳ್ಳುವ ಜಾಗದಲ್ಲಿ ಇಟ್ಟುಕೊಳ್ಳುತ್ತಿದ್ದರು. ಕ್ಲಬ್ಬಿನ ಕಾಗದ ಶಾಲೆಯ ಬೀರುವಿನಲ್ಲಿ, ಬೀಗದಲ್ಲಿ. ಬರೆಯುವ ಮೊದಲು ಪ್ರತಿಯೊಂದು ಹಾಳೆಯನ್ನೂ ಎರಡು ಕೈಯಲ್ಲಿ ಎತ್ತಿ ಕಿಟಕಿಗೆ ಹಿಡಿಯುವರು. ಒಂದನೆಯ ಇಯತ್ತೆಯ ಮಕ್ಕಳು ಅದನ್ನು ಪ್ರಾರ್ಥನೆಯೆಂದು ತಿಳಿದು ಎದ್ದು ನಿಲ್ಲುತ್ತಿದ್ದವು.

ಹನ್ನೊಂದು ವರ್ಷದ ಹಿಂದೆ ಈ ಶ್ರದ್ಧೆ ಒಮ್ಮೆ ಭರ್ಜರಿ ಫಲ ಕೊಟ್ಟಿತ್ತು. ಕೌಂಟಿಯ, ಎಂದರೆ ಜಿಲ್ಲೆಯ, ಕ್ಲಬ್ ಫೈನಲ್ಲಿನಲ್ಲಿ ಪಕ್ಕದ ಊರು ಕಿಲ್ಲಾರನ್, ಕ್ಲೋನ್‌ಬ್ರ್ಯಾಕನ್ನು ಆರು ಪಾಯಿಂಟಿನಿಂದ ಸೋಲಿಸಿತು. ಅದು ಮೈದಾನದಲ್ಲಿ. ಎಂಟು ದಿನ ಕಳೆದು ಕೌಂಟಿ ಮಂಡಳಿಯ ಸಭೆಯಲ್ಲಿ ಮೇಷ್ಟ್ರು ಎದ್ದು, ಕಿಲ್ಲಾರನ್ನಿನವರು ಪಂದ್ಯಕ್ಕೆ ಮೊದಲು ಕೊಟ್ಟಿದ್ದ ಆಟಗಾರರ ಪಟ್ಟಿಯನ್ನು ದಯಮಾಡಿ ಬೆಳಕಿಗೆ ಹಿಡಿಯಬೇಕೆಂದು ಅಧ್ಯಕ್ಷರನ್ನು ಕೋರಿದರು. ಹಿಡಿದರು. ಕಾಗದ ಇಂಗ್ಲೆಂಡಿನದು. ಪಟ್ಟಿಯೇ ಇಲ್ಲವೆಂದಾದ ಮೇಲೆ ತಂಡ ಎಲ್ಲಿಂದ ಬಂತು, ತಂಡವಿಲ್ಲದೆ ಗೆದ್ದವರು ಯಾರು? ಕಪ್ ಕ್ಲೋನ್‌ಬ್ರ್ಯಾಕಿಗೆ ಬಂತು. ದಾರಿಯುದ್ದಕ್ಕೂ ಬೆಂಕಿ ಹಾಕಿ ಮೇಷ್ಟ್ರನ್ನು ಹೆಗಲ ಮೇಲೆ ಹೊತ್ತು ತಂದರು.

ಕಿಲ್ಲಾರನ್ನಿನ ಕಾರ್ಯದರ್ಶಿ, ಮಾಂಸದಂಗಡಿಯ ಬರ್ನಿ ಹಾರ್ಡಿಮನ್, ಅಂದು ಕೋಣೆ ಬಿಡುವಾಗ ಬಾಗಿಲಲ್ಲಿ ನಿಂತು ಕೇಳಿದ್ದ: "ಅಲ್ಲಾ ಮೇಷ್ಟ್ರೇ, ನಮ್ಮ ಹುಡುಗ್ರು ಹೊಡೆದ ಗೋಲುಗಳೂ ಇಂಗ್ಲೆಂಡಿಂದ ಬಂದಿದ್ವಾ?"

"ಪುಸ್ತಕದಲ್ಲಿರೋದನ್ನ ಹೇಳಿದೆ ಬರ್ನಿ. ನನ್ನ ಸ್ವಂತದ್ದೇನೂ ಇಲ್ಲ," ಎಂದಿದ್ದರು ಮೇಷ್ಟ್ರು.

ಅಂದಿನಿಂದ ಹಾರ್ಡಿಮನ್ ಅವರಿಗೆ ಟೋಪಿ ಎತ್ತುತ್ತಿದ್ದ, ಮಾತಾಡುತ್ತಿರಲಿಲ್ಲ.

ಜಾರ್ಲತ್ ಕಿಲ್‌ಕೆಲ್ಲಿ ಆರು ವರ್ಷದವನಾಗಿ ಶಾಲೆಗೆ ಬಂದಾಗ ಅವನ ಕೈಯಲ್ಲಿ ಸ್ಲೇಟಿರಲಿಲ್ಲ, ಕೋಲಿತ್ತು. ಅವನಪ್ಪ ಆಡಿ ಮುರಿದಿದ್ದ ಆ್ಯಶ್ ಮರದ ಕೋಲು; ಗಿಡ್ಡಕ್ಕೆ ಕೊಯ್ದು, ಸೀಳಿಗೆ ಬೂಟ್ ಪಾಲಿಷ್ ಡಬ್ಬಿಯ ತಗಡು ಸುತ್ತಿ ಮೊಳೆ ಹೊಡೆದಿದ್ದರು. ಅಪ್ಪ ಎದೆಬೇನೆಯಿಂದ ತೀರಿಕೊಂಡು ಒಂದು ಚಳಿಗಾಲ ಆಗಿತ್ತು. "ಸ್ಲೇಟೆಲ್ಲೋ?" ಎಂದರೆ ಹುಡುಗ, "ಎರಡೂ ಹಿಡ್ಕೊಳ್ಳೋಕೆ ಆಗ್ಲಿಲ್ಲ ಮೇಷ್ಟ್ರೇ," ಎಂದ. ಅವನ ವಿದ್ಯಾಭ್ಯಾಸದ ಚರಿತ್ರೆ ಮುಂದಿನ ಎಂಟು ವರ್ಷವೂ ಹೆಚ್ಚುಕಡಿಮೆ ಇದೇ ಆಗಿತ್ತು. ಭಾಗಾಕಾರ ಹತ್ತಲಿಲ್ಲ. ಆದರೆ ಮಧ್ಯಾಹ್ನದ ಬಿಡುವಿನಲ್ಲಿ, ಶಾಲೆಯ ಹಿಂದಿನ ಗೋಡೆಯಲ್ಲಿ ಮೇಷ್ಟ್ರು ಸೀಮೆಸುಣ್ಣದಿಂದ ಗುರುತು ಮಾಡಿದ ಕಲ್ಲಿಗೆ ಚೆಂಡನ್ನು ಬಲಗೈಯಿಂದ ನೂರು ಸಲ, ಎಡಗೈಯಿಂದ ನೂರು ಸಲ ಹೊಡೆಯುತ್ತಿದ್ದ. ಆ ಕಲ್ಲು ಕಡೆಗೆ ಗೋಡೆಯಿಂದ ಸಡಿಲಾಗಿ ಬಿತ್ತು. ಮೇಷ್ಟ್ರು ರಿಪೇರಿಗೆ ಬರೆಯಲಿಲ್ಲ. ಯಾರಾದರೂ ನೆಂಟರು ಬಂದರೆ ಆ ತೂತನ್ನು ತೋರಿಸುತ್ತಿದ್ದರು.

ಹದಿನಾರಕ್ಕೆ ಹುಡುಗರ ತಂಡ, ಹದಿನೆಂಟಕ್ಕೆ ಊರ ತಂಡ. ಗೆರೆಯಾಚೆ ಹೋದ ಚೆಂಡನ್ನು ಕೈ ತಾಗಿಸದೆ, ಹುಲ್ಲಿನ ಮೇಲೆ ಬಿದ್ದಲ್ಲಿಂದಲೇ ಕೋಲಿನ ಅಂಚಿನಿಂದ ಸೀಳಿ ಎಬ್ಬಿಸಿ, ಅರವತ್ತು ಗಜದಾಚೆ ಎರಡು ಕಂಬಗಳ ನಡುವೆ ಇಳಿಸುತ್ತಿದ್ದ. ಅವನು ಹಾಗೆ ಗೆರೆಯ ಬಳಿ ಬಾಗಿದಾಗ ದಿಬ್ಬದ ಮೇಲೆ ಕೂತ ಮುದುಕರು ಪೈಪು ಬಾಯಿಂದ ತೆಗೆಯುತ್ತಿದ್ದರು. ಆ ಊರಿನಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇರಲಿಲ್ಲ. ಬಿಷಪ್ಪರು ಬಂದಾಗಲೂ ಕೆಲವರು ತೆಗೆದಿರಲಿಲ್ಲ.

ಹತ್ತೊಂಬತ್ತರ ಬೇಸಿಗೆಯಲ್ಲಿ ಅಂಚೆಯಲ್ಲಿ ಒಂದು ಕಾರ್ಡು ಬಂತು. ಕೌಂಟಿ ತಂಡಕ್ಕೆ ಆಯ್ಕೆಯಾಗಿದ್ದೀರಿ. ಬೂಟು, ಎರಡು ಕೋಲು, ಒಂದು ಟವೆಲು ತರತಕ್ಕದ್ದು. ಅವನಮ್ಮ ಡೀಲಿಯಾ ಅದನ್ನು ಅಡುಗೆಮನೆಯಲ್ಲಿ ಯೇಸುವಿನ ಪಟದ ಮುಂದಿನ ಕೆಂಪು ದೀಪಕ್ಕೆ ಒರಗಿಸಿಟ್ಟಳು. ಓದಲು ಬಂದವರೆಲ್ಲ ಪಟಕ್ಕೂ ತಲೆಬಾಗಬೇಕಾಯಿತು. ಆಗಸ್ಟಿನ ಮೊದಲ ವಾರ ಕೌಂಟಿ ಸೆಮಿಫೈನಲ್ ಗೆದ್ದಿತು. ಹನ್ನೊಂದನೆಯ ನಂಬರಿನ ಜಾರ್ಲತ್ ಒಂದು ಗೋಲು, ನಾಲ್ಕು ಪಾಯಿಂಟು ಹೊಡೆದ. ಮೂವತ್ತೆರಡು ವರ್ಷದಿಂದ ಆ ಕೌಂಟಿ ದೇಶದ ಕಪ್ಪಿನ ಮುಖ ನೋಡಿರಲಿಲ್ಲ. ಸೆಪ್ಟೆಂಬರಿನ ಮೊದಲ ಭಾನುವಾರ ಡಬ್ಲಿನ್ನಿನಲ್ಲಿ ಫೈನಲ್. ಗೆಲ್ಲುವುದಾದರೆ ಈ ಹುಡುಗನಿಂದ ಎಂದು ಚರ್ಚಿನ ಬಾಗಿಲಲ್ಲೂ ಹೆಂಡದಂಗಡಿಯ ಬಾಗಿಲಲ್ಲೂ ಒಂದೇ ಮಾತಾಗಿತ್ತು.

ನಡುವೆ ಊರ ಕ್ಲಬ್ಬುಗಳ ಪಂದ್ಯವೊಂದು ಬಾಕಿಯಿತ್ತು: ಕ್ಲೋನ್‌ಬ್ರ್ಯಾಕಿಗೂ ಕಿಲ್ಲಾರನ್ನಿಗೂ.

ಕೊನೆಯ ಐದು ನಿಮಿಷದಲ್ಲಿ ಕಿಲ್ಲಾರನ್ನಿನ ಗೋಲಿನ ಮುಂದೆ ಎಂಟು ಹತ್ತು ಜನರ ಗುಂಪು ಬಿತ್ತು. ಕೋಲುಗಳು ಮೇಲೆದ್ದವು. ಗುಂಪು ಬಿಡಿಸಿ ನೋಡಿದರೆ ಕಿಲ್ಲಾರನ್ನಿನ ಬ್ಯಾಕ್ ಆಟಗಾರ, ಹಾರ್ಡಿಮನ್ನನ ಸ್ವಂತ ತಂಗಿಯ ಮಗ, ನೆಲದ ಮೇಲೆ ಕೂತು ತನ್ನ ನಾಲ್ಕು ಹಲ್ಲುಗಳನ್ನು ಅಂಗೈಗೆ ಉಗುಳಿಕೊಳ್ಳುತ್ತಿದ್ದ. ರೆಫರಿ ತಿರುಗಿದಾಗ ಅವನ ತಲೆಯ ಮೇಲೆ ಕೋಲು ಹಿಡಿದು ನಿಂತಿದ್ದವನು ಜಾರ್ಲತ್. ರೆಫರಿ ಹೆಸರು ಬರೆದುಕೊಂಡ. ಹುಡುಗ ಬಾಯಿ ತೆರೆಯಲಿಲ್ಲ. ತೆರೆದರೆ ಹೊಡೆದವನ ಹೆಸರು ಹೇಳಬೇಕಾಗುತ್ತಿತ್ತು. ಹೊಡೆದವನು ಹಿಂದಿನಿಂದ ಕೋಲು ಬೀಸಿ ಪಕ್ಕಕ್ಕೆ ಸರಿದುಕೊಂಡಿದ್ದ, ಹುಡುಗನದೇ ತಂಡದ ಕ್ಯಾಪ್ಟನ್ ಪ್ಯಾಕಿ ಟಲ್ಲಿ. ಇದು ದಿಬ್ಬದ ಮೇಲಿದ್ದ ಇನ್ನೂರು ಜನಕ್ಕೂ ಕಂಡಿತ್ತು. ಕಾಣದಿದ್ದವನು ರೆಫರಿ ಒಬ್ಬನೇ.

ಬುಧವಾರ ಸಂಜೆ ಮಂಡಳಿ ಜಾರ್ಲತ್‌ನನ್ನು ಹನ್ನೆರಡು ತಿಂಗಳು ಆಟದಿಂದ ಹೊರಗಿಟ್ಟಿತು. ಮೂರು ದಿನದೊಳಗೆ, ಬರಹದಲ್ಲಿ, ಪುರಾವೆ ಸಮೇತ, ಮೇಲ್ಮನವಿಗೆ ಅವಕಾಶ.

ಗುರುವಾರ ಶಾಲೆ ಬಿಟ್ಟ ಮೇಲೆ ಮೇಷ್ಟ್ರು ಎರಡು ಹಾಳೆ ಮನವಿ ಬರೆದರು. ಎರಡನ್ನೂ ಕಿಟಕಿಗೆ ಹಿಡಿದರು. ಪುರಾವೆಗೆ ಬೇಕಾದದ್ದು ಮೂರನೆಯ ಹಾಳೆ, ಹೊಡೆದವನೇ ಕೈಯಾರೆ ಬರೆದ ತಪ್ಪೊಪ್ಪಿಗೆ. ಶುಕ್ರವಾರ ಬೀರುವಿನಿಂದ ಎರಡು ಖಾಲಿ ಹಾಳೆ ತೆಗೆದು, ಬೆಳಕಿಗೆ ಹಿಡಿದು ನೋಡಿ, ಜೇಬಿಗೆ ಹಾಕಿಕೊಂಡು ಸೈಕಲ್ ಹತ್ತಿ ಪ್ಯಾಕಿ ಟಲ್ಲಿಯ ಮನೆಗೆ ಹೋದರು.

ಪ್ಯಾಕಿ ಒಲೆಯ ಪಕ್ಕ ಕೂತಿದ್ದ. ಮೂವತ್ನಾಲ್ಕು ವರ್ಷದ ಗಟ್ಟಿ ಆಳು, ಊರ ತಂಡಕ್ಕೆ ಹದಿನಾರು ವರ್ಷ ಆಡಿದವನು. ಮೇಷ್ಟ್ರನ್ನು ಕಂಡು ಏಳಲು ಹೋಗಿ ಅರ್ಧಕ್ಕೇ ಕೂತ. ಅವನ ಹೆಂಡತಿ ಬ್ರೈಡಿ ಮಗುವನ್ನು ಎತ್ತಿಕೊಂಡು ಅಂಗಳಕ್ಕೆ ಹೋದಳು. ಹೋಗುವಾಗ ಗಂಡನ ಕಡೆ ಬೀರಿದ ನೋಟ ನೋಡಿದರೆ ಮಾತು ಮನೆಯೊಳಗೆ ಆಗಲೇ ಆಗಿಹೋಗಿತ್ತು.

"ನೀವು ಯಾಕೆ ಬಂದ್ರಿ ಅಂತ ಗೊತ್ತು ಮೇಷ್ಟ್ರೇ."

"ಗೊತ್ತಿದ್ರೆ ಅರ್ಧ ಕೆಲಸ ಆಯ್ತು."

"ನಿನ್ನೆ ಅವನನ್ನ ಹಾಲಿನ ಕ್ರೀಮರಿ ಹತ್ರ ನೋಡ್ದೆ. 'ಹೇಗಿದ್ದೀಯಾ ಪ್ಯಾಕಿ' ಅಂದ. ಅಷ್ಟೇ. ಒಂದು ಬೈಗುಳ ಬೈದಿದ್ರೆ ಚೆನ್ನಾಗಿರೋದು. ಈಗಿನ ಹುಡುಗ್ರಿಗೆ ಬೈಯೋದೂ ಬರಲ್ಲ." ಅವನು ಕೈಯಿಂದ ಮುಖ ಒರೆಸಿಕೊಂಡ. "ನನಗೆ ಹನ್ನೆರಡು ತಿಂಗಳು ಅಂದ್ರೆ ಮುಗೀತು ಮೇಷ್ಟ್ರೇ. ಮೂವತ್ತೈದಕ್ಕೆ ಯಾರು ಕರೀತಾರೆ? ಅದಕ್ಕೇ ಸುಮ್ಮನಿದ್ದೆ. ನಾಯಿ ಕೆಲಸ."

"ಅವನಿಗೆ ಹನ್ನೆರಡು ತಿಂಗಳು ಅಂದ್ರೆ ಡಬ್ಲಿನ್ನು."

"ಗೊತ್ತು ಗೊತ್ತು. ಬರೀತೀನಿ. ಎಲ್ಲಿ ಬರೀಬೇಕು ಹೇಳಿ."

ಮೇಷ್ಟ್ರು ಹಾಳೆ ಕೊಟ್ಟರು. ಪ್ಯಾಕಿ ಪೆನ್ನನ್ನು ಗುದ್ದಲಿಯಂತೆ ಹಿಡಿದು ಒಂದು ಸಾಲು ಬರೆದ, ಮಸಿ ಚೆಲ್ಲಿತು. ಎರಡನೆಯ ಹಾಳೆಯಲ್ಲಿ ನಾಲ್ಕು ಸಾಲು ಸಾಗಿತು, ಹಲ್ಲು ಹೋದವನ ಹೆಸರಿನ ಹತ್ತಿರ ಬಂದು ಅವನು ಒತ್ತಿದ ರಭಸಕ್ಕೆ ನಿಬ್ಬು ಕಾಗದವನ್ನು ಹರಿದುಬಿಟ್ಟಿತು. "ಥೂ! ಹಲ್ಲು ಮುರಿಯೋಕೆ ಬಂದ ಕೈಗೆ ಅವನ ಹೆಸರು ಬರೆಯೋಕೆ ಬರ್ತಿಲ್ಲ ನೋಡಿ," ಎಂದ. ಮೇಷ್ಟ್ರ ಜೇಬಿನಲ್ಲಿ ಇನ್ನು ಹಾಳೆಯಿರಲಿಲ್ಲ. ಶಾಲೆಗೆ ಹೋಗಿ ಬರಲು ಮುಕ್ಕಾಲು ಗಂಟೆ.

"ನಾನು ಹೋಗಿ ತರ್ತೀನಿ ಪ್ಯಾಕಿ."

"ತನ್ನಿ. ನೀವು ಬರೋ ಹೊತ್ತಿಗೆ ನನಗೆ ಧೈರ್ಯ ಇರುತ್ತೋ ಇಲ್ವೋ," ಎಂದ ಪ್ಯಾಕಿ, ತಮಾಷೆಯಂತೆ, ಆದರೆ ಅದು ತಮಾಷೆಯಾಗಿರಲಿಲ್ಲ.

ಮೇಷ್ಟ್ರು ಹೋದರು. ಬೀರು ತೆಗೆದರು, ನಾಲ್ಕು ಹಾಳೆ ಎಣಿಸಿ ಬೆಳಕಿಗೆ ಹಿಡಿದರು, ಗಾಳಿಗೆದುರು ಸೈಕಲ್ ತುಳಿದುಕೊಂಡು ವಾಪಸು ಬಂದರು. ಪ್ಯಾಕಿ ಬಾಗಿಲಲ್ಲೇ ನಿಂತಿದ್ದ. ಅವನ ಕೈಯಲ್ಲಿ ನಾಲ್ಕಾಗಿ ಮಡಚಿದ ಕಾಗದವಿತ್ತು. ಕಣ್ಣು ಕೆಂಪಾಗಿದ್ದವು.

"ಆಯ್ತು ಮೇಷ್ಟ್ರೇ. ಬ್ರೈಡಿ ಹತ್ರ ಹಾಳೆ ಇತ್ತು, ಬರೆದ್ಬಿಟ್ಟೆ. ಒಂದೂ ಚಿತ್ತುಕಾಟಿಲ್ಲ. ಹೆಸರು ಕೂಡ ಐರಿಷಲ್ಲೇ ಹಾಕಿದೀನಿ, ನೀವು ಹೊಡೆದು ಕಲಿಸಿದ್ದು. ಇನ್ನೊಂದು ಸಲ ಬರಿ ಅಂತ ಮಾತ್ರ ಹೇಳ್ಬೇಡಿ, ಕೈಯಲ್ಲಿ ಆಗಲ್ಲ."

ಬ್ರೈಡಿಯ ಅಕ್ಕ ಕಾವೆಂಟ್ರಿಯಲ್ಲಿದ್ದಳು. ವರ್ಷಕ್ಕೆರಡು ಸಲ ಅಲ್ಲಿಂದ ಪಾರ್ಸೆಲ್ ಬರುತ್ತಿತ್ತು: ಮಗುವಿಗೆ ಅಂಗಿ, ಚಾಪುಡಿ, ತಂಗಿ ಮರೆಯದೆ ಬರೆಯಲೆಂದು ಒಂದು ಬರೆಯುವ ಪ್ಯಾಡು. ಇದು ಮೇಷ್ಟ್ರಿಗೆ ಗೊತ್ತಿಲ್ಲದ್ದೇನಲ್ಲ. ಅರ್ಧ ಊರಿನ ಅಡುಗೆಮನೆಗಳಿಗೆ ಇಂಥ ಪಾರ್ಸೆಲ್ಲುಗಳು ಬರುತ್ತಿದ್ದವು. ಅವರ ಎರಡು ಕೈಯೂ ಅಭ್ಯಾಸಬಲದಿಂದ ಎದೆಯ ಮಟ್ಟಕ್ಕೆ ಏರಿದವು. ಎದುರಿಗೆ ಪ್ಯಾಕಿ ನಿಂತಿದ್ದ, ಹದಿನಾರು ವರ್ಷದ ಆಟವನ್ನು ನಾಲ್ಕಾಗಿ ಮಡಚಿ ಕೊಟ್ಟವನು. ಅವನ ಕಣ್ಣೆದುರಿಗೇ ಅದನ್ನು ಬಿಡಿಸಿ, ಅಂಗಡಿಯವನು ಖೋಟಾ ನೋಟು ನೋಡುವಂತೆ ಆಕಾಶಕ್ಕೆ ಹಿಡಿಯುವುದು ಮೇಷ್ಟ್ರಿಂದ ಆಗಲಿಲ್ಲ. ಕಾಗದವನ್ನು ಹಾಗೆಯೇ ಒಳಜೇಬಿಗೆ, ನಿಯಮದ ಪುಸ್ತಕದ ಪಕ್ಕಕ್ಕೆ ಹಾಕಿಕೊಂಡರು. "ದೇವರು ಒಳ್ಳೇದು ಮಾಡ್ಲಿ ಪ್ಯಾಕಿ," ಎಂದು ಅವನ ಕೈ ಕುಲುಕಿದರು. ಮನೆಗೆ ಹೋಗಿ ನೋಡಬಹುದಿತ್ತು. ಆದರೆ ಅಂಚೆ ಹೊರಡಲು ಹತ್ತೇ ನಿಮಿಷವಿತ್ತು. ದಾರಿಯಲ್ಲೇ ಲಕೋಟೆಗೆ ಹಾಕಿ ಅಂಟಿಸಿದರು. ಇಪ್ಪತ್ತಾರು ವರ್ಷದಲ್ಲಿ ಅವರು ನೋಡದೆ ಕಳಿಸಿದ ಹಾಳೆ ಅದೊಂದೇ. ಕಳಿಸಿ ಮನೆಗೆ ಬರುವಾಗ ಅವರಿಗೆ ತಾನೊಬ್ಬ ಒಳ್ಳೆಯ ಮನುಷ್ಯನೆಂಬ ಅಪರೂಪದ ಭಾವನೆ ಬಂದಿತ್ತು.

ಭಾನುವಾರ ಮೂರು ಗಂಟೆಗೆ ಪೇಟೆಯ ಹೋಟೆಲಿನ ಹಿಂದಿನ ಕೋಣೆಯಲ್ಲಿ ಮಂಡಳಿ ಸೇರಿತು. ಅಧ್ಯಕ್ಷರು ಫಾದರ್ ಮಲ್ಕೆರಿನ್. ಹಿಂದೆ ತಾವೂ ಆಡಿದವರು. ಮುರಿದ ಮೂಗು ನೆಟ್ಟಗಾಗದೆ ಉಳಿದಿದ್ದರಿಂದ ಪ್ರಸಂಗ ಮಾಡುವಾಗ ಭಕ್ತರಿಗೆ ಅವರು ಸದಾ ಎಡಗಡೆಯ ಸಾಲಿನವರನ್ನೇ ಗದರಿಸುವಂತೆ ಕಾಣುತ್ತಿತ್ತು. ಇಪ್ಪತ್ತು ಕ್ಲಬ್ಬಿನ ಕಾರ್ಯದರ್ಶಿಗಳು ಗೋಡೆಗುಂಟ ಕೂತಿದ್ದರು. ಮೇಷ್ಟ್ರ ಎದುರಿಗೆ ಹಾರ್ಡಿಮನ್, ಮೊಣಕಾಲ ಮೇಲೆ ಟೋಪಿ. ಪ್ಯಾಕಿ ಬಾಗಿಲ ಬಳಿ, ಮದುವೆಯ ಸೂಟು ಹಾಕಿಕೊಂಡು. ಜಾರ್ಲತ್ ಬಂದಿರಲಿಲ್ಲ, ಹುಲ್ಲು ಒಣಗಿತ್ತು, ಮಳೆ ಬರುವ ಮೊದಲು ಒಳಗೆ ಹಾಕಬೇಕಿತ್ತು.

ಕೋಣೆಯಲ್ಲಿ ಯಾರಿಗೂ ಆತಂಕವಿರಲಿಲ್ಲ. ಪ್ಯಾಕಿ ಒಪ್ಪಿಕೊಂಡ ಸುದ್ದಿ ಆಗಲೇ ಎಲ್ಲರಿಗೂ ಮುಟ್ಟಿತ್ತು. ಡಬ್ಲಿನ್ನಿಗೆ ಹೋಗುವ ರೈಲಿನ ವಿಚಾರ ಮಾತಾಡುತ್ತಿದ್ದರು. ಫಾದರ್ ಲಕೋಟೆ ಒಡೆದರು. ಮೊದಲನೆಯ ಹಾಳೆ ಎತ್ತಿ ಕಿಟಕಿಗೆ ಹಿಡಿದರು, ಕೆಳಗಿಟ್ಟರು. ಎರಡನೆಯದನ್ನು ಹಿಡಿದರು, ಕೆಳಗಿಟ್ಟರು. ಅನುಮಾನದಿಂದಲ್ಲ, ಊಟಕ್ಕೆ ಮುಂಚೆ ಶಿಲುಬೆ ಗುರುತು ಮಾಡಿಕೊಳ್ಳುವಷ್ಟೇ ಸಹಜವಾಗಿ. ಮೂರನೆಯದನ್ನು ಹಿಡಿದವರು ಕೆಳಗಿಡಲಿಲ್ಲ.

ಮೇಷ್ಟ್ರು ಕೂತ ಜಾಗದಿಂದಲೇ ಕಂಡಿತು. ಪ್ಯಾಕಿಯ ಗುಂಡಗುಂಡನೆಯ ಅಕ್ಷರಗಳ ಹಿಂದೆ, ಹಾಳೆಯ ನಡುಮಧ್ಯೆ, ಚೆಂದದ ಒಂದು ಕಿರೀಟ. ಇಂಗ್ಲೆಂಡಿನ ರಾಣಿಯ ತಲೆಯ ಮೇಲಿರುವಂಥದ್ದೇ, ಕಮಾನು ಶಿಲುಬೆಗಳ ಸಹಿತ.

ರೈಲಿನ ಮಾತು ನಿಂತಿತು.

"ಉಂ," ಎಂದರು ಫಾದರ್. ಹಾಳೆಯನ್ನು ಮಗುಚಿ ಹಿಡಿದರು. ಕಿರೀಟ ತಲೆಕೆಳಗಾಯಿತೇ ಹೊರತು ಹೋಗಲಿಲ್ಲ.

ಪ್ಯಾಕಿ ಬಾಗಿಲ ಬಳಿಯಿಂದ ಮುಂದೆ ಬಂದ. "ಫಾದರ್, ಕಾಗದ ಹಾಳಾಗಿ ಹೋಗ್ಲಿ, ನಾನೇ ಇಲ್ಲಿದೀನಲ್ಲ. ಬಾಯಲ್ಲೇ ಹೇಳ್ತೀನಿ ಕೇಳ್ಕೊಳಿ. ನಾನೇ ಹೊಡೆದದ್ದು."

"ಬಾಯಿಗೆ ನೀರುಗುರುತು ಇಲ್ಲ ಪ್ಯಾಕಿ. ಬರಹದಲ್ಲಿ ಅಂತಿದೆ. ಕೂತ್ಕೋ," ಎಂದರು ಫಾದರ್, ಬೇಸರದಿಂದ.

"ಇಲ್ಲೇ ಈಗಲೇ ಬೇರೆ ಹಾಳೆಯಲ್ಲಿ ಬರೆದುಕೊಡ್ಲಿ ಬಿಡಿ," ಎಂದರು ಮೂಲೆಯಿಂದ ಯಾರೋ.

"ಮೂರು ದಿನ ನಿನ್ನೆಗೇ ಮುಗೀತು," ಎಂದರು ಫಾದರ್.

ಆಗ ಹಾರ್ಡಿಮನ್ ಗಂಟಲು ಸರಿಮಾಡಿಕೊಂಡ. ಇಡೀ ಕೋಣೆ ಅವನತ್ತ ತಿರುಗಿತು. ಹನ್ನೊಂದು ವರ್ಷದಿಂದ ಈ ಮನುಷ್ಯ ಒಂದು ಇಂಥ ಹಾಳೆಗಾಗಿ ಕಾದಿದ್ದಾನೆಂದು ಎಲ್ಲರಿಗೂ ಗೊತ್ತಿತ್ತು. ಮೇಷ್ಟ್ರು ಕುರ್ಚಿಯ ಕೈ ಹಿಡಿದುಕೊಂಡರು.

"ಫಾದರ್," ಎಂದ ಹಾರ್ಡಿಮನ್, "ಇವತ್ತು ಹೊರಗೆ ಮೋಡ ನೋಡಿ. ಇಂಥ ಬೆಳಕಲ್ಲಿ ನನಗಂತೂ ಏನೂ ಕಾಣಿಸ್ತಿಲ್ಲ."

ಹೊರಗೆ ಆಗಸ್ಟಿನ ಬಿಸಿಲು ಹೋಟೆಲಿನ ಅಂಗಳದ ಪೀಪಾಯಿಗಳ ಮೇಲೆ ಧಗಧಗಿಸುತ್ತಿತ್ತು.

"ಹಲ್ಲು ಹೋದದ್ದು ನನ್ನ ತಂಗಿ ಮಗನದ್ದು," ಹಾರ್ಡಿಮನ್ ಮುಂದುವರಿಸಿದ. "ಅವನೇ ಹೇಳ್ತಾನೆ, ಇರೋ ಹಲ್ಲಲ್ಲಿ, ಈ ಹುಡುಗ ಅಲ್ಲ ಅಂತ. ನಮಗೇ ಆಕ್ಷೇಪಣೆ ಇಲ್ಲ ಅಂದ್ಮೇಲೆ? ಮೂವತ್ತೆರಡು ವರ್ಷ ಆಯ್ತು ಫಾದರ್. ನನಗೀಗ ಅರವತ್ತು."

"ನನಗೂ ಮೋಡವೇ," ಎಂದರು ಒಬ್ಬರು. "ಕನ್ನಡಕ ಮನೇಲಿ ಬಿಟ್ಟೆ," ಎಂದರು ಇನ್ನೊಬ್ಬರು, ಕನ್ನಡಕ ಹಾಕಿಕೊಂಡೇ. ಒಬ್ಬೊಬ್ಬರಾಗಿ ಇಪ್ಪತ್ತು ಜನವೂ ತಮ್ಮ ತಮ್ಮ ಬೂಟುಗಳನ್ನು ನೋಡಿಕೊಳ್ಳತೊಡಗಿದರು.

ಫಾದರ್ ಮಲ್ಕೆರಿನ್ ಹಾಳೆಯನ್ನು ಮೇಜಿನ ಮೇಲೆ ಮಗುಚಿ ಇಟ್ಟರು. ಅವರ ಮುಖದಲ್ಲೂ ಸ್ವಲ್ಪ ಮೋಡ ಕವಿದಂತಿತ್ತು. ಆದರೆ ಮುಂದೆ ಯಾವಾಗಲಾದರೂ ಡಬ್ಲಿನ್ನಿನವರು ಕೇಳಿದರೆ ಹೇಳಲು ಒಂದು ಆಧಾರ ಬೇಕಲ್ಲ. ಅದಕ್ಕೆ ಆ ಕೋಣೆಯಲ್ಲಿ ಎಲ್ಲರೂ ತಿರುಗುತ್ತಿದ್ದ ಕಡೆಗೇ ಅವರೂ ತಿರುಗಿದರು.

"ಮೇಷ್ಟ್ರೇ, ಪುಸ್ತಕ ನಮಗಿಂತ ನಿಮಗೆ ಚೆನ್ನಾಗಿ ಗೊತ್ತು. ನೀವೇ ಒಂದು ಮಾತು ಹೇಳಿ, ಬರ್ಕೊಂಡು ಮುಂದೆ ಹೋಗೋಣ. ಈ ಮನವಿ ಕ್ರಮಬದ್ಧವೋ ಅಲ್ಲವೋ?"

ಹೇಳಬೇಕಾಗಿದ್ದದ್ದು ಒಂದೇ ಪದ. ಅದನ್ನು ಕೇಳಲು ಇಪ್ಪತ್ತು ಜನ ಬಾಗಿ ಕೂತಿದ್ದರು.

ಮೇಷ್ಟ್ರು ಎದ್ದು ನಿಂತರು. ಗೋಡೆಗುಂಟ ಕೂತವರ ಮುಖಗಳನ್ನು ನೋಡಿದರು. ಹೆಚ್ಚುಕಡಿಮೆ ಪ್ರತಿಯೊಬ್ಬನ ಯಾವುದಾದರೂ ಒಂದು ಕಾಗದವನ್ನು ಅವರು ಒಂದಲ್ಲ ಒಂದು ಸಲ ಕಿಟಕಿಗೆ ಹಿಡಿಸಿ ಕೆಡವಿದ್ದರು. ಆ ಬಡಗಿಯ ಊರಿನದು, ಒಂದು ಮರುಪಂದ್ಯದ ಮನವಿ. ಆ ಕುರಿ ವ್ಯಾಪಾರಿಯ ಊರಿನದು, ಒಬ್ಬ ಹುಡುಗನ ವಯಸ್ಸಿನ ವ್ಯಾಜ್ಯ. ಮತ್ತೆ ಹಾರ್ಡಿಮನ್. ಅವನು ತಲೆಯೆತ್ತಿ ಮೇಷ್ಟ್ರನ್ನೇ ನೋಡುತ್ತಿದ್ದ, ಹನ್ನೊಂದು ವರ್ಷದಲ್ಲಿ ಮೊದಲ ಸಲ ಸ್ನೇಹದಿಂದ. ಆ ಸ್ನೇಹವೇ ಮೇಷ್ಟ್ರ ಎದೆಗೆ ನಾಟಿತು. ಈಗ 'ಕ್ರಮಬದ್ಧ' ಎಂದರೆ ಅಂದಿನ ಕಪ್ ಏನಾಯಿತು? ದಾರಿಯುದ್ದಕ್ಕೂ ಹಾಕಿದ ಬೆಂಕಿ ಏನಾಯಿತು? ಹೆಗಲ ಮೇಲೆ ಹೊತ್ತು ತಂದದ್ದು ಯಾರನ್ನು, ಒಬ್ಬ ನ್ಯಾಯವಂತನನ್ನೋ, ಒಬ್ಬ ಕಳ್ಳನನ್ನೋ? ಈ ಮಾಂಸದಂಗಡಿಯವನು ಹೊಟ್ಟೆಗೆ ಹಾಕಿಕೊಂಡು ದಯಪಾಲಿಸಿದ ಮೋಡದ ಕೆಳಗೆ ತಾನು ಮುಂದಿನ ಆಯುಷ್ಯ ಕಳೆಯಬೇಕೆ? ಇಷ್ಟನ್ನೂ ಅವರು ಯೋಚಿಸಿದರೆಂದು ಹೇಳುವುದು ಅವರಿಗೆ ಸಲ್ಲದ ಗೌರವವಾದೀತು. ಯೋಚಿಸಿದ್ದೆಲ್ಲ ಆಮೇಲಿನ ವರ್ಷಗಳಲ್ಲಿ. ಆ ಗಳಿಗೆಯಲ್ಲಿ ಪ್ರಶ್ನೆ ಬಿತ್ತು, ಉತ್ತರ ಗೊತ್ತಿತ್ತು, ಅವರು ಮೇಷ್ಟ್ರು.

"ಕ್ರಮಬದ್ಧವಲ್ಲ," ಎಂದರು.

ಹಾರ್ಡಿಮನ್ ಟೋಪಿಯನ್ನು ತಲೆಗಿಟ್ಟುಕೊಂಡು ಎದ್ದ. ಬಾಗಿಲಲ್ಲಿ ನಿಂತು ಹೇಳಿದ: "ಮೇಷ್ಟ್ರೇ, ಅವತ್ತು ನೀವು ನಮ್ಮ ಕಪ್ ಕದ್ರಿ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ. ತಪ್ಪಾಯ್ತು. ನೀವು ನಿಜವಾಗ್ಲೂ ಹಿಂಗೇನೇ." ಅವನ ಬಾಯಿಂದ ಅದು ಕ್ಷಮಾಪಣೆಯೋ ಬೈಗುಳವೋ ಎಂದು ಮೇಷ್ಟ್ರಿಗೆ ತಿಳಿಯಲಿಲ್ಲ. ಪ್ರಾಯಶಃ ಹಾರ್ಡಿಮನ್ನನಿಗೂ ತಿಳಿದಿರಲಿಲ್ಲ.

ಡೀಲಿಯಾ ಕಿಲ್‌ಕೆಲ್ಲಿಯ ಮನೆಗೆ ಮೇಷ್ಟ್ರು ಬೇರೆ ಯಾರನ್ನೂ ಕಳಿಸಲಿಲ್ಲ. ತಾವೇ ಸೈಕಲ್ ತಳ್ಳಿಕೊಂಡು ಹೋದರು, ಹತ್ತಲಿಲ್ಲ. ಸಂಜೆಯ ಬಿಸಿಲಿನಲ್ಲಿ ಜಾರ್ಲತ್ ಕೊನೆಯ ಗಾಡಿ ಹುಲ್ಲು ಇಳಿಸುತ್ತಿದ್ದ. ದೂರದಿಂದಲೇ ಮೇಷ್ಟ್ರ ನಡಿಗೆ ನೋಡಿ ಕವೆಗೋಲನ್ನು ನೆಲಕ್ಕೆ ಚುಚ್ಚಿ ನಿಂತ.

"ಬನ್ನಿ ಮೇಷ್ಟ್ರೇ, ಅಮ್ಮ ಚಾ ಇಟ್ಟಿದಾಳೆ."

ಅಡುಗೆಮನೆಯಲ್ಲಿ ಡೀಲಿಯಾ ಮೇಜಿನ ಮೇಲೆ ಹೊಸ ಬಟ್ಟೆ ಹಾಸಿದ್ದಳು. ಕಂದು ಬ್ರೆಡ್ಡು ಕೊಯ್ದು ಬೆಣ್ಣೆ ಹಚ್ಚಿಟ್ಟಿದ್ದಳು. ಗೆದ್ದವರಿಗೆ ಮಾಡುವ ಉಪಚಾರ. ಮೇಷ್ಟ್ರು ಕೂರದೆ ನಿಂತೇ, ಒಂದನ್ನೂ ಮುಚ್ಚಿಡದೆ ಹೇಳಿದರು: ಹಾಳೆ, ಕಿರೀಟ, ತಾನು ನೋಡದೆ ಹಾಕಿದ್ದು, ಹಾರ್ಡಿಮನ್ ಅಂದದ್ದು, ಕೊನೆಗೆ ತನ್ನನ್ನು ಕೇಳಿದ್ದು. ಪಾಠ ಒಪ್ಪಿಸುವ ಹುಡುಗನಂತೆ ಗೋಡೆ ನೋಡಿಕೊಂಡು ಹೇಳಿದರು.

ಜಾರ್ಲತ್ ಅಂಗೈಯ ಬೊಬ್ಬೆಯನ್ನು ಉಜ್ಜಿಕೊಳ್ಳುತ್ತ ಕೇಳಿದ.

"ಅಂದ್ರೆ, ನೀವು ಸರಿಯಿದೆ ಅಂದಿದ್ರೆ ಆಗ್ತಿತ್ತಾ ಮೇಷ್ಟ್ರೇ?"

"ಆಗ್ತಿತ್ತು."

"ಎಲ್ಲರೂ ಒಪ್ಕೊಂಡಿದ್ರಾ?"

"ಎಲ್ಲರೂ."

"ಓ," ಎಂದ ಹುಡುಗ. "ಪ್ಯಾಕಿ ನಿಜವಾಗ್ಲೂ ಬರೆದ್ನಾ?" ಎಂದು ಕೇಳಿದ.

"ಬರೆದ. ಒಂದೂ ಚಿತ್ತುಕಾಟಿರಲಿಲ್ಲ."

"ಪಾಪ. ಅವನಿಗೆ ಕಷ್ಟ ಆಗಿರತ್ತೆ." ಅವನು ಎದ್ದು, ಇನ್ನೂ ಅರ್ಧ ಗಾಡಿ ಹುಲ್ಲಿದೆ, ಕತ್ತಲಾಗುವ ಮುಂಚೆ ಹಾಕಬೇಕು ಎಂದು ಹೊರಗೆ ಹೋದ. ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದರೆ ವಾಸಿಯೆಂದು ಮೇಷ್ಟ್ರು ಹುಡುಕಿದರು.

ಡೀಲಿಯಾ ಚಾ ಬಗ್ಗಿಸಿದಳು. "ಸಕ್ಕರೆ ಎರಡಲ್ವಾ ನಿಮಗೆ?"

"ಡೀಲಿಯಾ, ನಾನು..."

"ಕೂತ್ಕೊಳಿ ಮೇಷ್ಟ್ರೇ. ನಡ್ಕೊಂಡು ಬಂದಿದೀರಿ." ಬ್ರೆಡ್ಡಿನ ತಟ್ಟೆಯನ್ನು ಅವರತ್ತ ಸರಿಸಿದಳು. "ಎಂಟು ವರ್ಷ ನಿಮ್ಮ ಹತ್ರ ಕಳ್ಸಿದೆ. ಅವರಪ್ಪ ಸತ್ತಾಗ ನೀವೇ ಅಲ್ವಾ ಅವನನ್ನ ಕೈ ಹಿಡಿದು ಮಣ್ಣಿಗೆ ಕರ್ಕೊಂಡು ಬಂದದ್ದು. ಅಮ್ಮನ ಮಾತಿಗಿಂತ ಮೇಷ್ಟ್ರ ಮಾತು ಅವನಿಗೆ. ನೀವು ಸರಿಯಲ್ಲ ಅಂದ್ರೆ ಅವನಿಗೆ ಸರಿಯಲ್ಲ." ತಾನು ಮಾತ್ರ ಕೂರಲಿಲ್ಲ. "ಕುಡೀರಿ. ಆರೋಗತ್ತೆ."

ಮೇಷ್ಟ್ರು ಕುಡಿದರು. ಕೊಟ್ಟ ಬ್ರೆಡ್ಡನ್ನೂ ತಿಂದರು, ಎರಡು ತುಂಡು. ಬೇಡವೆನ್ನುವ ಹಕ್ಕು ತಮಗಿದೆಯೆಂದು ಅವರಿಗೆ ಅನಿಸಲಿಲ್ಲ. ಕಿಟಕಿಯಾಚೆ ಹುಡುಗ ಹುಲ್ಲಿನ ಕಟ್ಟುಗಳನ್ನು ಎತ್ತಿ ಎಸೆಯುತ್ತಿದ್ದ. ಬಲಕ್ಕೆ ಒಂದು ಸಲ ತಿರುಗಿದರೆ ಎಡಕ್ಕೆ ಒಂದು ಸಲ, ಎರಡೂ ಕಡೆಗೆ ಒಂದೇ ಸಮನಾಗಿ. ಹಾಗೆ ಅಭ್ಯಾಸ ಮಾಡಿಸಿದವರು ಮೇಷ್ಟ್ರೇ.

ಪ್ಯಾಕಿಯ ಹಾಳೆ ದಾಖಲೆಗೆ ಸೇರದಿದ್ದುದರಿಂದ ಪ್ಯಾಕಿ ಮಾಡಿದ ತಪ್ಪೂ ದಾಖಲೆಯಲ್ಲಿ ಆಗಿರಲಿಲ್ಲ. ಅವನಿಗೆ ಶಿಕ್ಷೆಯಾಗಲಿಲ್ಲ. ಯಾರೂ ಬೇಡವೆನ್ನದಿದ್ದರೂ ಅವನು ಮತ್ತೆ ಕೋಲು ಮುಟ್ಟಲಿಲ್ಲ. ಮೇಷ್ಟ್ರು ಇನ್ನೂ ಒಂಬತ್ತು ವರ್ಷ ಕಾರ್ಯದರ್ಶಿಯಾಗಿದ್ದರು. ಬೇರೆ ಯಾರೂ ಆ ಕೆಲಸಕ್ಕೆ ಮುಂದೆ ಬರಲಿಲ್ಲ.

ಸೆಪ್ಟೆಂಬರಿನ ಮೊದಲ ಭಾನುವಾರ ಡಬ್ಲಿನ್ನಿನಲ್ಲಿ ಕೌಂಟಿ ಎರಡು ಪಾಯಿಂಟಿನಿಂದ ಸೋತಿತು. ಜಾರ್ಲತ್ ಕಿಲ್‌ಕೆಲ್ಲಿ ಅಕ್ಟೋಬರಿನಲ್ಲಿ ಹಡಗು ಹತ್ತಿ ಲೀಡ್ಸಿಗೆ ಹೋಗಿ ರಸ್ತೆ ಕೆಲಸಕ್ಕೆ ಸೇರಿದ. ಹನ್ನೆರಡು ತಿಂಗಳು ಮುಗಿದಾಗ ಮಂಡಳಿ ಅವನಿಗೆ ಕಾಗದ ಬರೆಯಿತು. ಅವನು ವಾಪಸು ಬರಲಿಲ್ಲ. ಕೌಂಟಿಯ ಪರವಾಗಿ ಅವನು ಆಡಿದ್ದು ಒಟ್ಟು ಒಂದು ಪಂದ್ಯ.